ಒಂದು ಮೊಳ ಕರುಳು

ಪುಣೆಯ ಖಡಕಿ ಬಜಾರಿನಲ್ಲಿದ್ದ ಭೀಮವ್ವನ ಖಾನಾವಳಿಗೆ ಬೋರ್ಡು ಇರಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ರೊಟ್ಟಿ ಬಡಿಯುವ ಸಪ್ಪಳ ರಸ್ತೆಗೆ ಕೇಳಿಸತೊಡಗಿದರೆ ಊಟ ಸಿದ್ಧವಾಗುತ್ತಿದೆ ಎಂದು ಬೀದಿಗೆಲ್ಲ ತಿಳಿಯುತ್ತಿತ್ತು. ಮದ್ದುಗುಂಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಬೆಳಗಾವಿ, ವಿಜಾಪುರದ ಕಡೆಯವರು ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳಗೆ ಬಂದು, ಝುಣಕ, ಎಣ್ಣೆಗಾಯಿ, ಶೇಂಗಾ ಹಿಂಡಿ ಹಚ್ಚಿಕೊಂಡು ಉಣ್ಣುತ್ತಿದ್ದರು. ಯಾರಾದರೂ ಎರಡೇ ರೊಟ್ಟಿಗೆ ಕೈ ತೊಳೆಯಲು ಎದ್ದರೆ ಭೀಮವ್ವ ಒಲೆಯ ಮುಂದಿನಿಂದಲೇ ಕೇಳುತ್ತಿದ್ದಳು: "ಯಾಕ್ರಿ, ಮೈಯಾಗ ಆರಾಮಿಲ್ಲೇನು?"

ಸವದತ್ತಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಅವಳು ಪುಣೆಗೆ ಬಂದಾಗ ಗಂಡ ಮುರುಗೆಪ್ಪ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ. ಶುಕ್ರವಾರ ಪೇಠೆಯ ಹಳೆಯ ವಾಡೆಯಲ್ಲಿ ಒಂದೇ ಕೋಣೆಯ ಸಂಸಾರ. ವಾಡೆಯ ಒಡತಿ ಕಟ್ಟಾ ಮಡಿಯ ಮುದುಕಿ. ಬಂದ ಎರಡನೆಯ ದಿನವೇ ಭೀಮವ್ವ, ಅಂಗಳದಲ್ಲಿ ಒಣಹಾಕಿದ್ದ ಆಕೆಯ ಸೀರೆಗೆ ತಿಳಿಯದೆ ತಾಗಿದಳು. ಮುದುಕಿ ಒಂದು ಮಾತೂ ಆಡದೆ, ಒಂಬತ್ತು ಗಜದ ಆ ಸೀರೆಯನ್ನು ಕೋಲಿನಿಂದ ಎತ್ತಿ ಮತ್ತೆ ನೀರಿಗೆ ಹಾಕಿದಳು. ಬೈದಿದ್ದರೂ ಭೀಮವ್ವನಿಗೆ ಅಷ್ಟು ಚುಚ್ಚುತ್ತಿರಲಿಲ್ಲ. ಎಲ್ಲಿ ಕೈ ಇಡಬಾರದು, ಏನನ್ನು ಮುಟ್ಟಬಾರದು ಎಂದು ಕಲಿಯುವುದರಲ್ಲೇ ಆ ವಾಡೆಯಲ್ಲಿ ಹದಿನಾರು ವರ್ಷ ಕಳೆದವು. 1991ರಲ್ಲಿ ಖಡಕಿಗೆ ಬಂದು ಮನೆಯ ಮುಂಭಾಗದಲ್ಲೇ ಖಾನಾವಳಿ ತೆರೆದ ದಿನ ಅವಳು ತನ್ನ ಪಾತ್ರೆಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ಮುಟ್ಟಿ ನಕ್ಕಿದ್ದಳಂತೆ.

ಒಬ್ಬನೇ ಮಗ ಮಾಂತು ಓದಿ ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿ ಕ್ಲರ್ಕ್ ಆದ. ಸೊಸೆ ಸ್ನೇಹಲ್ ಪುಣೆಯಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ. 2003ರ ಜನವರಿಯಲ್ಲಿ ಅವರಿಗೆ ಹೆಣ್ಣುಮಗು ಹುಟ್ಟಿತು. ಇಂದೂ ಎಂದು ಹೆಸರಿಡುವುದು ಮೊದಲೇ ನಿಶ್ಚಯವಾಗಿತ್ತು. ಆರನೆಯ ದಿನ ಬೆಳಿಗ್ಗೆ ಮಗು ಹಸಿರು ಬಣ್ಣದ ವಾಂತಿ ಮಾಡಿತು, ಹೊಟ್ಟೆ ಉಬ್ಬಿತು. ಹೆರಿಗೆಮನೆಯವರು ತಕ್ಷಣ ನಗರದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಮಧ್ಯಾಹ್ನದೊಳಗೆ ಶಸ್ತ್ರಚಿಕಿತ್ಸೆ ನಡೆದು ಹೋಗಿತ್ತು.

ಮಕ್ಕಳ ಸರ್ಜನ್ ಡಾಕ್ಟರ್ ಬಾಳಕೃಷ್ಣ ಹುಬ್ಬಳ್ಳಿಯಲ್ಲಿ ಓದಿದವರು. ಹೊರಗೆ ಬಂದು, ಬೆಂಚಿನ ಮೇಲೆ ಕೂತಿದ್ದ ಇವರ ಎದುರು ತಾವೂ ಒಂದು ಸ್ಟೂಲು ಎಳೆದುಕೊಂಡು ಕೂತರು.

"ಕರಳು ತಿರುವಿಕೊಂಡು ಗಂಟು ಬಿದ್ದಿತ್ರಿ. ರಕ್ತ ಹರೀಲಾರದ ಭಾಳಷ್ಟು ಭಾಗ ಸತ್ತು ಹೋಗಿತ್ತು. ಅದನ್ನೆಲ್ಲಾ ತಗೀಬೇಕಾತು. ಉಳದದ್ದು ನಾಲ್ವತ್ತೈದು ಸೆಂಟಿಮೀಟರ್."

ಮಾಂತು ತಲೆ ತಗ್ಗಿಸಿದ. ಭೀಮವ್ವ ತನ್ನ ಮೊಳಕೈಯಿಂದ ಬೆರಳ ತುದಿಯ ತನಕ ತೋರಿಸಿ ಕೇಳಿದಳು: "ಅಂದ್ರ ಇಷ್ಟೇನ್ರಿ?"

"ಹೌದ್ರಿ, ಅಷ್ಟ."

"ಒಂದು ಮೊಳ. ಇರಬೇಕಾದ್ದು ಎಷ್ಟು?"

"ಐದು, ಐದೂವರಿ ಮೊಳ ಅನ್ರಿ."

ಭೀಮವ್ವ ತನ್ನ ಕೈಯನ್ನೇ ಸ್ವಲ್ಪ ಹೊತ್ತು ನೋಡಿದಳು. "ಕೂಸು ಬೆಳದಂಗ ಕರಳೂ ಬೆಳೀತದಲ್ರಿ?"

ಡಾಕ್ಟರರ ಮುಖ ಮೊದಲ ಸಲ ಸಡಿಲಾಯಿತು. "ಬೆಳೀತದ. ಉದ್ದ ಆಗ್ತದ, ದಪ್ಪ ಆಗ್ತದ, ಹೋದ ಭಾಗದ ಕೆಲಸಾನೂ ತಾನ ಕಲೀತದ. ಆದ್ರ ಅದಕ್ಕ ವರ್ಷಗಟ್ಟಲೆ ಟೈಮ್ ಬೇಕು. ಅಲ್ಲೀತನಕ ಊಟ ಹೊಟ್ಟಿಗೆ ಹೋಗೋ ಬದಲಿ ರಕ್ತಕ್ಕ ಹೋಗಬೇಕು."

ಹಾಗೆ ಶುರುವಾಯಿತು. ಇಂದೂಳ ಎದೆಯ ಮೇಲೆ ಚರ್ಮದ ಕೆಳಗಿನಿಂದ ದಾರದಷ್ಟು ಸಣ್ಣ ನಳಿಯೊಂದನ್ನು ದೊಡ್ಡ ರಕ್ತನಾಳಕ್ಕೆ ಇಳಿಸಿದರು. ಚೀಲದಲ್ಲಿ ಬರುವ ಹಾಲಿನಂಥ ಬಿಳಿ ದ್ರವ ಅದರ ಮೂಲಕ ಹನಿಹನಿಯಾಗಿ ಇಳಿಯುತ್ತಿತ್ತು. ಮೂಗಿನ ನಳಿಯಿಂದ ಹೊಟ್ಟೆಗೆ ಹೋಗುತ್ತಿದ್ದದ್ದು ಸ್ನೇಹಲ್ ಹಿಂಡಿ ಕೊಟ್ಟ ಮೊಲೆಹಾಲು, ಮೊದಲ ವಾರ ತಾಸಿಗೆ ಒಂದು ಮಿಲಿ. ಕರುಳು ತಡೆದುಕೊಂಡರೆ ಎರಡು. ಭೇದಿ ಹೆಚ್ಚಾದರೆ ಮತ್ತೆ ಒಂದು. ನಾಲ್ಕು ತಿಂಗಳು ಆಸ್ಪತ್ರೆಯಲ್ಲೇ ಕಳೆದವು. ಮಗು ತೂಕ ಹಾಕಿತು, ನಗಲು ಕಲಿಯಿತು. ಆದರೆ ವಾರ್ಡಿನಲ್ಲಿ ಎರಡು ಸಲ ಸೋಂಕು ತಗುಲಿತು. ಇನ್ನು ಇಲ್ಲಿ ಇಟ್ಟುಕೊಳ್ಳುವುದಕ್ಕಿಂತ ಮನೆಯೇ ಮೇಲು ಎಂದು ಡಾಕ್ಟರರಿಗೆ ಅನ್ನಿಸಿತು. ಚೀಲಗಳನ್ನು ಆಸ್ಪತ್ರೆಯೇ ತಯಾರಿಸಿ ಕೊಡುವುದು, ಪಂಪನ್ನು ಒಂದು ಟ್ರಸ್ಟಿನವರು ಕೊಡುವುದು ಎಂದಾಯಿತು. ಸಂಜೆ ಏಳಕ್ಕೆ ಹಚ್ಚಿ ಬೆಳಿಗ್ಗೆ ಏಳಕ್ಕೆ ತೆಗೆದರೆ ಹಗಲೆಲ್ಲ ಮಗು ನಳಿಯ ಹಂಗಿಲ್ಲದೆ ಆಡಬಹುದು. ಆ ಆಸ್ಪತ್ರೆಯಿಂದ ಅಂಥ ಮಗುವನ್ನು ಅದುವರೆಗೆ ಯಾರೂ ಮನೆಗೆ ಒಯ್ದಿರಲಿಲ್ಲ.

"ಇಬ್ಬರು ಕಲಿಯಲೇಬೇಕು," ಎಂದರು ಸಿಸ್ಟರ್ ಮಾಧುರಿ. ಆ ವಾರ್ಡಿನ ಹಿರಿಯ ನರ್ಸ್, ಸಾತಾರಾ ಕಡೆಯವರು, ಖಡಕ್ ಹೆಂಗಸು. ಸ್ನೇಹಲ್ ಒಬ್ಬಳು ಸರಿ. ಮಾಂತು ಸಿರಿಂಜು ಹಿಡಿದ ಕೂಡಲೇ ಹೆದರಿ ಕೆಳಗಿಟ್ಟುಬಿಡುತ್ತಿದ್ದ.

"ನನಗ ಕಲಸ್ರಿ," ಎಂದಳು ಭೀಮವ್ವ.

ಸಿಸ್ಟರ್ ಮುದ್ರಿಸಿದ ಹಾಳೆಯೊಂದನ್ನು ಅವಳ ಕೈಗೆ ಕೊಟ್ಟರು. ಭೀಮವ್ವ ಅದನ್ನು ತಿರುಗಿಸಿ ನೋಡಿ ಮರಳಿ ಕೊಟ್ಟಳು. ಅವಳಿಗೆ ಮರಾಠಿ ಇರಲಿ, ಕನ್ನಡ ಓದಲೂ ಬರುತ್ತಿರಲಿಲ್ಲ. ಸಿಸ್ಟರ್ ಬಾಯಿಮಾತಿನಲ್ಲೇ ಹೇಳಿಕೊಟ್ಟರು: ಈ ಟ್ರೇಯಲ್ಲಿರುವುದೆಲ್ಲ ಸ್ಟರೈಲ್, ನಳಿಯ ತುದಿ ಸ್ಟರೈಲ್, ಅದನ್ನು ಬರಿಗೈಯಿಂದ ಮುಟ್ಟುವಂತಿಲ್ಲ. ಭೀಮವ್ವ ತಲೆಯಾಡಿಸುತ್ತಿದ್ದಳು, ತಿಳಿಯುತ್ತಿರಲಿಲ್ಲ. ತೊಳೆದ ಕೈ ಎಂದ ಮೇಲೆ ಸ್ವಚ್ಛವೇ ಅಲ್ಲವೇ? ಮೂರನೆಯ ದಿನ ಸಿಸ್ಟರಿಗೆ ತಾಳ್ಮೆ ತಪ್ಪಿತು.

"ಆಜಿ, ಇದು ಸೋವಳೆ," ಎಂದರು ಮರಾಠಿಯಲ್ಲಿ. "ಸ್ವಚ್ಛ ಬೇರೆ, ಸೋವಳೆ ಬೇರೆ. ಸೋವಳೆಗೆ ಓವಳೆ ತಾಗಿತೋ, ಎಲ್ಲ ಮೊದಲಿನಿಂದ."

ಭೀಮವ್ವನ ಕಣ್ಣ ಮುಂದೆ ಶುಕ್ರವಾರ ಪೇಠೆಯ ಅಂಗಳ ಬಂದು ನಿಂತಿತು. ಓವಳೆ ಎಂದರೆ ಮೈಲಿಗೆ, ಸೋವಳೆ ಎಂದರೆ ಮಡಿ. ಹದಿನಾರು ವರ್ಷ ಅದರ ಹೊರಗೆ ನಿಂತು ನೋಡಿದವಳು ಅವಳು. ಮುದುಕಿ ಯಾವ ಕೈಯಲ್ಲಿ ತಂಬಿಗೆ ಹಿಡಿಯುತ್ತಿದ್ದಳು, ಸೆರಗು ಹೇಗೆ ಬಿಗಿಯುತ್ತಿದ್ದಳು, ಬಾಗಿಲನ್ನು ಹೇಗೆ ಮೊಳಕೈಯಿಂದ ನೂಕುತ್ತಿದ್ದಳು, ಎಲ್ಲ ಅವಳಿಗೆ ಬಾಯಿಪಾಠ.

"ಹಂಗಂತ ಮೊದಲ ಹೇಳಬಾರದೇನ್ರಿ?" ಎಂದು ಎದ್ದು ಕೈ ತೊಳೆಯಲು ಹೋದಳು. ಹಿಂದಿರುಗಿದವಳು ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದಳು. ಅರ್ಧ ತೆರೆದಿದ್ದ ಬಾಗಿಲನ್ನು ಮೊಳಕೈಯಿಂದ ನೂಕಿಕೊಂಡೇ ಒಳಗೆ ಬಂದಳು. ಸಿಸ್ಟರ್ ಮಾಧುರಿ ನಕ್ಕದ್ದನ್ನು ಆ ವಾರ್ಡಿನವರು ಅಂದು ಮೊದಲ ಸಲ ನೋಡಿದರು.

ಮನೆಯಲ್ಲಿ ಅಭ್ಯಾಸಕ್ಕೆ ಒಂದು ಪ್ಲಾಸ್ಟಿಕ್ ಗೊಂಬೆಗೆ ಹಳೆಯ ನಳಿ ಕಟ್ಟಿಕೊಟ್ಟಿದ್ದರು. ಮುರುಗೆಪ್ಪನಿಗೂ ಹುಮ್ಮಸ್ಸು ಬಂತು. ಒಂದು ಮಧ್ಯಾಹ್ನ ತಾನೂ ಮಾಡಿ ತೋರಿಸಿ, "ನೋಡು, ಎಲ್ಲೂ ಮುಟ್ಟಿಲ್ಲ," ಎಂದ.

"ಮುಟ್ಟೀರಿ."

"ಎಲ್ಲಿ ಮುಟ್ಟೀನಿ? ಸುಳ್ಳ ಹೇಳಬ್ಯಾಡ."

ಭೀಮವ್ವ ಅವನ ಹತ್ತು ಬೆರಳುಗಳನ್ನೂ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಅದ್ದಿದಳು. "ಈಗ ಮತ್ತ ಮಾಡ್ರಿ." ಮುರುಗೆಪ್ಪ ಗಂಭೀರವಾಗಿ ಇಡೀ ಕೆಲಸವನ್ನು ಇನ್ನೊಮ್ಮೆ ಮಾಡಿದ. ಮುಗಿದ ಮೇಲೆ ನೋಡಿದರೆ ನಳಿಯ ತುದಿಗೆ ಬಿಳಿ, ಸಿರಿಂಜಿನ ಮೂತಿಗೆ ಬಿಳಿ, ಗೊಂಬೆಯ ಮೂಗಿಗೆ ಬಿಳಿ, ಅವನ ಸ್ವಂತ ಕಿವಿಗೂ ಬಿಳಿ. ಊಟಕ್ಕೆ ಬಂದಿದ್ದ ಕಾರ್ಖಾನೆಯವರು ತಟ್ಟೆ ಕೆಳಗಿಟ್ಟು ನಕ್ಕರು.

ಸ್ನೇಹಲ್ ಈ ಸುದ್ದಿಯನ್ನು ವಾರ್ಡಿನಲ್ಲಿ ಹೇಳಿದಳು. ಮರುದಿನ ಸಿಸ್ಟರ್, ಒಂದು ಡಬ್ಬಿ ಹಿಟ್ಟು ತರಲು ಹೇಳಿಕಳಿಸಿದರು. ಹಿಟ್ಟಿನ ಕೈಯಿಂದ ಸತತ ಮೂರು ಸಲ ಎಲ್ಲೂ ಬಿಳಿ ತಾಗದಂತೆ ಮಾಡಿ ತೋರಿಸಿದವರಿಗೆ ಮಾತ್ರ ಮಗುವನ್ನು ಕೊಡುವುದು ಎಂದು ಕಟ್ಟಳೆ ಮಾಡಿದರು. ಭೀಮವ್ವ ಎರಡನೆಯ ದಿನವೇ ಪಾಸಾದಳು. ಸ್ನೇಹಲ್‌ಗೆ ಐದು ದಿನ ಹಿಡಿಯಿತು. ಮೇ ಕೊನೆಯಲ್ಲಿ ಇಂದೂ ಮನೆಗೆ ಬಂದಳು.

ಸಂಜೆ ಆರಕ್ಕೆ ಫ್ರಿಜ್ಜಿನಿಂದ ಚೀಲ ಹೊರಗೆ ಬರುತ್ತಿತ್ತು. ಏಳಕ್ಕೆ ಫ್ಯಾನು ಬಂದ್, ಕಿಟಕಿ ಬಂದ್, ಮಾತೂ ಬಂದ್. ಕೈ ತೊಳೆಯುವುದು, ನಳಿಯ ತುದಿಯನ್ನು ಸ್ಪಿರಿಟ್ಟಿನಿಂದ ಮೂವತ್ತು ಎಣಿಸುವ ತನಕ ಉಜ್ಜುವುದು, ಒಣಗಲು ಬಿಡುವುದು, ಕ್ಲಿಪ್ಪು ನೋಡುವುದು, ಆಮೇಲೆ ಜೋಡಿಸುವುದು. ಹಗಲಲ್ಲಿ ಎಷ್ಟು ಸಲ ಭೇದಿ, ಎಷ್ಟು ಸಲ ಮೂತ್ರ ಎಂದು ಸ್ನೇಹಲ್ ವಹಿಯಲ್ಲಿ ಬರೆಯುತ್ತಿದ್ದಳು. ಭೀಮವ್ವ ಇನ್ನೊಂದನ್ನೂ ಸೇರಿಸಿಕೊಂಡಳು. ಬಾಯಿಯಿಂದ ಉಣ್ಣದ ಮಕ್ಕಳು ಮುಂದೆ ತಿನ್ನುವುದನ್ನೇ ದ್ವೇಷಿಸುತ್ತವೆ ಎಂದು ಡಾಕ್ಟರರು ಹೇಳಿದ್ದರು. ಅದಕ್ಕೇ ಅವಳು ಉಣ್ಣುವಾಗಲೆಲ್ಲ ಮಗುವನ್ನು ಎದುರಿಗೆ ಕೂರಿಸಿಕೊಂಡು, ಒಣಗಿದ ದೊಡ್ಡ ರೊಟ್ಟಿಯೊಂದನ್ನು ಆಟಕ್ಕೆ ಕೊಡುತ್ತಿದ್ದಳು. ಇಂದೂ ಅದನ್ನು ಮೂಸುತ್ತಿದ್ದಳು, ನೆಕ್ಕುತ್ತಿದ್ದಳು, ಎಸೆಯುತ್ತಿದ್ದಳು. ಚೂರು ಬಾಯಿಗೆ ಹೋಗದಂತೆ ಅಜ್ಜಿಯ ಕಣ್ಣು ಅಲ್ಲೇ ಇರುತ್ತಿತ್ತು.

ಮರುವರ್ಷ ಪಾಲಖಿಯ, ಅಂದರೆ ಪಲ್ಲಕ್ಕಿ ಮೆರವಣಿಗೆಯ ದಿನ. ದೇಹೂವಿನಿಂದ ಪಂಢರಪುರಕ್ಕೆ ಹೊರಟ ವಾರಕರಿ ಯಾತ್ರಿಕರು ಖಡಕಿಯ ದಾರಿಯಲ್ಲೇ ಪುಣೆಗೆ ಹೋಗುವುದು. ಅವರಿಗೆ ಹಂಚಲೆಂದು ಭೀಮವ್ವ ನಸುಕಿನಿಂದ ರೊಟ್ಟಿ ಬಡಿಯುತ್ತಿದ್ದಳು. ನೆರವಿಗೆ ಊರಿಂದ ಅವಳ ಅಕ್ಕ ಶಿವಗಂಗವ್ವ ಬಂದಿದ್ದಳು. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಸ್ನೇಹಲ್ ಮಗುವನ್ನು ಎತ್ತಿಕೊಂಡು ಬಂದಳು.

"ಅತ್ತಿ, ಮೈ ಸುಡಾಕತ್ತದ. ನಡಗಾಕತ್ತಾಳ."

ಥರ್ಮಾಮೀಟರ್ ನೂರಾ ಎರಡು ತೋರಿಸಿತು.

"ಹಲ್ಲು ಬರಾಕತ್ತಾವ ತಗೋ," ಎಂದಳು ಶಿವಗಂಗವ್ವ. "ಹಣಿಗೆ ತಣ್ಣೀರ ಪಟ್ಟಿ ಹಾಕು, ಸಂಜಿಗೆ ಇಳೀತದ. ಇಷ್ಟು ಮಂದ್ಯಾಗ ಎಲ್ಲಿಗೆ ಒಯ್ತಿ?"

ಭೀಮವ್ವ ಆಗಲೇ ಕೈ ತೊಳೆಯುತ್ತಿದ್ದಳು. ಎದೆಯಲ್ಲಿ ನಳಿ ಇರುವ ಕೂಸಿಗೆ ಜ್ವರ ಬಂದರೆ ಒಂದು ತಾಸೂ ಕಾಯಬಾರದು, ಹಲ್ಲು, ನೆಗಡಿ, ದೃಷ್ಟಿ ಯಾವ ನೆವವೂ ನಡೆಯದು ಎಂದು ಸಿಸ್ಟರ್ ಅವಳಿಂದ ನೂರು ಸಲ ಹೇಳಿಸಿದ್ದರು. ಆಸ್ಪತ್ರೆಗೆ ಫೋನು ಹಚ್ಚಿಸಿ, "ಕರಕೊಂಡು ಬರಾಕತ್ತೀವಿ, ತಯಾರಿ ಇಡ್ರಿ," ಎಂದಷ್ಟೇ ಹೇಳಿದಳು. ಗಂಡನ ಕಡೆ ತಿರುಗಿ, "ಉಣ್ಣಾಕ ಬಂದವರನ್ನ ಬರಿಗೈಲೆ ಕಳಸಬ್ಯಾಡ್ರಿ," ಎಂದಳು. ಅತ್ತೆ ಸೊಸೆ ಇಬ್ಬರೂ ಹೊರಟರು.

ರಸ್ತೆಯ ತುಂಬ ಜನ. ರಿಕ್ಷಾ ಇಲ್ಲ, ಬಸ್ಸಿಲ್ಲ. ತಾಳ, ಮೃದಂಗ, ಕೇಸರಿ ಪತಾಕೆ. ಭಜನೆ ಗುಂಪುಗಳ ಸಾಲು, ಒಂದು ದಿಂಡಿಯ ಹಿಂದೆ ಇನ್ನೊಂದು ದಿಂಡಿ. ಮಗುವನ್ನು ಎದೆಗವಚಿಕೊಂಡು ಭೀಮವ್ವ ಅಂಚಿನಲ್ಲಿ ನುಗ್ಗಿದಳು. ಅರ್ಧ ಮೈಲು ಹೋಗುವುದರೊಳಗೆ ಮುಂದೆ ಹೆಜ್ಜೆ ಇಡಲು ಜಾಗವಿಲ್ಲದಂತಾಯಿತು. ತಲೆಯ ಮೇಲೆ ತುಳಸಿ ಕಟ್ಟೆ ಹೊತ್ತ ಮುದುಕಿಯೊಬ್ಬಳು ಪಕ್ಕದಲ್ಲೇ ನಡೆಯುತ್ತಿದ್ದಳು. ಮಗುವಿನ ಕೆಂಪು ಮುಖ ನೋಡಿ, ಏನಾಯಿತು ಎಂದು ಕೇಳಿದಳು. ಸ್ನೇಹಲ್ ಮರಾಠಿಯಲ್ಲಿ ಎರಡೇ ಮಾತಿನಲ್ಲಿ ಹೇಳಿದಳು. ಮುದುಕಿ ತಲೆಯ ಮೇಲಿನ ತುಳಸಿ ಅಲುಗದಂತೆ ಮುಂದಿನವನ ಬೆನ್ನು ತಟ್ಟಿದಳು.

"ಬಾಳ ಆಜಾರೀ ಆಹೆ, ವಾಟ ದ್ಯಾ."

ಮಗುವಿಗೆ ಹುಷಾರಿಲ್ಲ, ದಾರಿ ಬಿಡಿ. ಆ ಮಾತು ಸಾಲಿನಿಂದ ಸಾಲಿಗೆ ದಾಟಿತು. ತಾಳ ನಿಲ್ಲಲಿಲ್ಲ, ಹಾಡೂ ನಿಲ್ಲಲಿಲ್ಲ. ಬೈತಲೆ ತೆಗೆದಂತೆ ಜನ ಎರಡು ಪಾಲಾದರು. ಭೀಮವ್ವ ತಲೆ ಎತ್ತದೆ ನಡೆದಳು, ನಡುನಡುವೆ ಓಡಿದಳು. ವಾಕಡೇವಾಡಿಯ ಹತ್ತಿರ ಪೊಲೀಸನೊಬ್ಬ ಅವರನ್ನು ಜೀಪಿಗೆ ಹತ್ತಿಸಿಕೊಂಡು ಒಳರಸ್ತೆಗಳಲ್ಲಿ ಸುತ್ತಿಸಿ ಆಸ್ಪತ್ರೆಗೆ ಮುಟ್ಟಿಸಿದ. ಸಿಸ್ಟರ್ ಮಾಧುರಿ ಮೆಟ್ಟಿಲ ಮೇಲೆ ನಿಂತಿದ್ದರು.

ಸೋಂಕು ನಳಿಯಿಂದಲೇ ರಕ್ತಕ್ಕೆ ಇಳಿದಿತ್ತು. ಮೂರನೆಯ ದಿನ ಜ್ವರ ಬಿಟ್ಟಿತು. "ಸಂಜೀತನಕ ಕಾದಿದ್ರ ನಮ್ಮ ಕೈಯಾಗ ಇರತಿರಲಿಲ್ಲ," ಎಂದರು ಡಾಕ್ಟರ್ ಬಾಳಕೃಷ್ಣ. ಅವರು ಹೋದ ಮೇಲೆ ಸ್ನೇಹಲ್ ಗೋಡೆಯ ಕಡೆ ತಿರುಗಿ ಅಳತೊಡಗಿದಳು. ಜ್ವರ ಬರುವ ಎರಡು ದಿನ ಮೊದಲು ಸ್ನಾನ ಮಾಡಿಸುವಾಗ ಎದೆಯ ಪಟ್ಟಿಯ ಅಂಚು ನೆಂದಿತ್ತಂತೆ. ಒಣಗುತ್ತದೆ ಎಂದು ಬಿಟ್ಟಿದ್ದಳಂತೆ.

ಭೀಮವ್ವನಿಗೆ ಸಿಟ್ಟು ಬರಲಿಲ್ಲ ಎಂದಲ್ಲ. ಬಂದ ಸಿಟ್ಟನ್ನು ನುಂಗಿ ಸೊಸೆಯ ಪಕ್ಕ ಕೂತಳು. "ನಾನರ ದಿನಾ ಎಲ್ಲಾ ರೊಟ್ಟಿ ದುಂಡಗ ಬಡೀತೀನೇನು? ಇನ್ನ ಮ್ಯಾಲ ಜಳಕಕ್ಕ ಇಬ್ಬರೂ ಕೂಡೂಣು. ನೀ ಪಟ್ಟಿ ಹಿಡಿ, ನಾ ನೀರು ಹಾಕ್ತೀನಿ." ಸ್ನೇಹಲ್ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು, ಎರಡು ದಿನದಿಂದ ಅವಳು ಕಣ್ಣು ಮುಚ್ಚಿರಲಿಲ್ಲ.

2005ರ ದೀಪಾವಳಿಗೆ ಮುಂಚೆ ಇಂದೂಳ ನಳಿ ತೆಗೆದರು. ಒಂದು ಮೊಳದ ಕರುಳು ತನ್ನ ಕೆಲಸ ಕಲಿತಿತ್ತು. ವಿಟಮಿನ್ನಿನ ಇಂಜೆಕ್ಷನ್ ತಿಂಗಳಿಗೊಮ್ಮೆ ಬೇಕು, ಸಕ್ಕರೆಯ ಪದಾರ್ಥ ಹೆಚ್ಚು ಕೂಡದು, ಉಳಿದಂತೆ ಎಲ್ಲ ಮಕ್ಕಳ ಹಾಗೆ ಎಂದರು. ಭೀಮವ್ವ ಇನ್ನು ಆಸ್ಪತ್ರೆಯ ಋಣ ತೀರಿತು ಎಂದುಕೊಂಡಳು. ತೀರಲಿಲ್ಲ. ಮುಂದಿನ ವಾರವೇ ಸಿಸ್ಟರ್ ಮಾಧುರಿ ಖಾನಾವಳಿಗೆ ಬಂದು, ಮೂರು ರೊಟ್ಟಿ ಉಂಡು, ವಿಷಯಕ್ಕೆ ಬಂದರು. ವಾರ್ಡಿನಲ್ಲಿ ಇನ್ನೊಂದು ಅಂಥ ಮಗುವಿದೆ. ತಾಯಿ ತಂದೆ ಹೆದರಿದ್ದಾರೆ. ನಾವು ಹೇಳಿದರೆ ತಲೆಯಾಡಿಸುತ್ತಾರೆ, ತಲೆಗೆ ಹೋಗುವುದಿಲ್ಲ.

ಸೋಮವಾರ ಖಾನಾವಳಿಗೆ ರಜೆ. ಆ ಸೋಮವಾರ ಭೀಮವ್ವ ಹಿಟ್ಟಿನ ಡಬ್ಬಿ ಹಿಡಿದು ಹೋದಳು. ಅದರ ಮುಂದಿನ ಸೋಮವಾರವೂ ಹೋದಳು. ಹೀಗೆ ಹೋಗುತ್ತ ವರ್ಷಗಳಾದವು. ಗೇಟಿನವನು ಪ್ರತಿ ಸಲವೂ ತಡೆಯುತ್ತಾನೆಂದು ಆಸ್ಪತ್ರೆಯಿಂದ ಅವಳಿಗೊಂದು ಪಾಸು ಮಾಡಿಸಿಕೊಟ್ಟರು. ಹುದ್ದೆ ಎಂಬಲ್ಲಿ ಏನು ಬರೆಯುವುದೆಂದು ಗುಮಾಸ್ತ ಬಹಳ ಯೋಚಿಸಿ ಕೊನೆಗೆ ಮರಾಠಿಯಲ್ಲಿ 'ಆಜಿ', ಅಂದರೆ ಅಜ್ಜಿ, ಎಂದು ಬರೆದಿದ್ದ. ಭೀಮವ್ವ ಅದನ್ನು ಮೊಮ್ಮಗಳಿಂದ ಓದಿಸಿ ಕೇಳಿದಳು.

ಎಲ್ಲ ಮಕ್ಕಳೂ ಉಳಿಯಲಿಲ್ಲ. ದೌಂಡ ಕಡೆಯ ಒಂದು ಗಂಡುಮಗು ಹತ್ತು ತಿಂಗಳು ಚೆನ್ನಾಗಿದ್ದು, ಲಿವರ್ ಕೆಟ್ಟು ತೀರಿಕೊಂಡಿತು. ಅದರ ತಾಯಿಯ ಕೈ ಹಿಟ್ಟಿನ ಪರೀಕ್ಷೆಯಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಭೀಮವ್ವ ಎರಡು ಸೋಮವಾರ ಮನೆಯಲ್ಲೇ ಕೂತಳು. ಮೂರನೆಯ ಸೋಮವಾರ ಆ ತಾಯಿಯೇ ಖಾನಾವಳಿ ಹುಡುಕಿಕೊಂಡು ಬಂದು, ಉಳಿದಿದ್ದ ಪಟ್ಟಿ, ಸಿರಿಂಜುಗಳ ಗಂಟನ್ನು ಕೊಟ್ಟು, "ಬೇರೆ ಮಕ್ಕಳಿಗೆ ಆದಾವು," ಎಂದಳು. ಅದನ್ನು ಮುಟ್ಟಿಸಬೇಕಾದ ಕಾರಣ ಭೀಮವ್ವ ಆ ದಿನವೇ ಆಸ್ಪತ್ರೆಗೆ ಹೋದಳು.

2008ರಲ್ಲಿ ಪ್ರಣವ, ಅಂಬಾ ಎಂಬ ಗಂಡ ಹೆಂಡತಿ ಬಂದರು. ಬೆಂಗಳೂರಿನ ಕಡೆಯವರು, ಪುಣೆಯ ಮಗರಪಟ್ಟಾದಲ್ಲಿ ಮನೆ, ಅಲ್ಲೇ ಆಫೀಸು. ಮಗ ಅಮರನಿಗೆ ಐದು ತಿಂಗಳು. ಪ್ರಣವ ಎಲ್ಲವನ್ನೂ ಓದಿಕೊಂಡಿದ್ದ. ನಳಿಯ ಕಂಪನಿ, ದ್ರವದ ಲೆಕ್ಕ, ಸೋಂಕಿನ ಪ್ರಮಾಣ, ಎಲ್ಲ ಗೊತ್ತು. ಹಿಟ್ಟಿನ ಪರೀಕ್ಷೆಗೆ ತಯಾರಾಗಿ ತೋಳು ಮಡಚಿ ನಿಂತ.

"ಡಬ್ಬಿ ಆಮ್ಯಾಲ," ಎಂದಳು ಭೀಮವ್ವ. "ಮೊದಲ ಕೂಸಿನ್ನ ತೊಡಿ ಮ್ಯಾಲ ತಗೋರಿ."

ಪ್ರಣವ ತೊಟ್ಟಿಲ ಕಡೆ ನೋಡಿದ. "ಅದು... ಲೈನ್ ಎಳೆದು ಬಿಟ್ರೆ ಅಂತ, ಅಜ್ಜಿ. ನಾನು ಇನ್ನೂ ಎತ್ಕೊಂಡಿಲ್ಲ."

"ಐದು ತಿಂಗಳಾತು?"

"ಹೂಂ."

ಭೀಮವ್ವ ಅವನನ್ನು ಕುರ್ಚಿಯಲ್ಲಿ ಕೂರಿಸಿ, ನಳಿಯನ್ನು ಸುರುಳಿ ಮಾಡಿ ಅಂಗಿಗೆ ಪಿನ್ನು ಹಾಕಿ, ಮಗುವನ್ನು ಅವನ ತೊಡೆಯ ಮೇಲೆ ಇಟ್ಟಳು. ಅವನ ಬಲಗೈಯನ್ನು ತಾನೇ ಹಿಡಿದು ಮಗುವಿನ ಬೆನ್ನಿಗೆ ಕೊಟ್ಟಳು. ಅಮರ ಅಪ್ಪನ ಕನ್ನಡಕ ಎಳೆದ. ಆ ದಿನ ಬೇರೆ ಪಾಠ ಆಗಲಿಲ್ಲ. ಅಂಬಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮುಂದಿನ ಸೋಮವಾರ ಪ್ರಣವನ ಹಿಟ್ಟಿನ ಕೈ ಮೂರು ಸಲವೂ ಸರಿ ಬಂತು.

ಅವರು ಮನೆಗೆ ಹೋದ ಮೇಲೆ ಅಂಬಾಳ ಫೋನು ವಾರಕ್ಕೊಮ್ಮೆಯಾದರೂ ಬರುತ್ತಿತ್ತು. ಪಟ್ಟಿ ಕೆಂಪಾಗಿದೆ, ಪಂಪು ಕೂಗುತ್ತಿದೆ, ಕರೆಂಟು ಹೋಗಿದೆ. ಅಮರ ಬಾಯಿಗೆ ಏನಿಟ್ಟರೂ ಉಗುಳುತ್ತಾನೆ ಎಂಬುದು ಮಾತ್ರ ಪ್ರತಿ ಸಲದ ದೂರು. ಅವನಿಗೆ ಒಂದೂವರೆ ವರ್ಷ ದಾಟಿದರೂ ಅದು ನಿಂತಿರಲಿಲ್ಲ. ಉಣ್ಣುವ ಮುಂದೆ ಎದುರಿಗೆ ಕೂರಿಸಿಕೊಳ್ಳಿ, ಒತ್ತಾಯ ಮಾಡಬೇಡಿ ಎಂದು ಭೀಮವ್ವ ಪ್ರತಿ ಸಲವೂ ಹೇಳುತ್ತಿದ್ದಳು.

ಒಂದು ಮಧ್ಯಾಹ್ನ, ಊಟದ ಗದ್ದಲ ಮುಗಿಯುತ್ತಿದ್ದಾಗ ಮತ್ತೆ ಫೋನು ಬಂತು. ಅಂಬಾ ಒಂದೇ ಉಸಿರಿಗೆ ಹೇಳಿದಳು.

"ಅಜ್ಜಿ, ಅವನು ಅಪ್ಪನ ತಟ್ಟೆಗೆ ಕೈ ಹಾಕ್ಬಿಟ್ಟ. ಮೊಸರನ್ನ. ಎರಡು ಹಿಡಿ ತಿಂದ್ಬಿಟ್ಟ. ನಾವು ನೋಡೋಷ್ಟ್ರಲ್ಲಿ ನುಂಗಿದ್ದ."

"ಉಗುಳಲಿಲ್ಲೇನು?"

"ಇಲ್ಲ. ಮತ್ತೆ ಬೇಕು ಅಂತ ಅಳ್ತಿದಾನೆ. ಏನು ಮಾಡ್ಲಿ?"

ಭೀಮವ್ವ ಗೋಡೆಗೆ ಒರಗಿ ಕೂತಳು. ಒಳಗೆ ಆರು ವರ್ಷದ ಇಂದೂ ಸ್ಕೂಲಿನ ಯೂನಿಫಾರ್ಮಿನಲ್ಲೇ ತಾತನ ಪಕ್ಕ ಕೂತು, ರೊಟ್ಟಿ ಬೇಡ, ಅನ್ನವೇ ಬೇಕು ಎಂದು ಹಟ ಹಿಡಿದಿದ್ದಳು.

"ಖಾರ ಇತ್ತೇನು?"

"ಇಲ್ಲ ಅಜ್ಜಿ, ಬರೀ ಮೊಸರು, ಅನ್ನ, ಉಪ್ಪು."

"ಹಂಗಾದ್ರ ಇನ್ನೊಂದು ತುತ್ತು ಕೊಡ್ರಿ. ಅಷ್ಟ ಸಾಕು. ಸಂಜೀತನಕ ಎಷ್ಟು ಸಲ ಹೊರಕಡೆ ಆಗ್ತದ ಬರದಿಡ್ರಿ, ನಾಳಿ ಡಾಕ್ಟರಿಗೆ ಹೇಳ್ರಿ. ಕೂಸಿಗೆ ಬೈಬ್ಯಾಡ್ರಿ. ಮತ್ತ, ಅಂಬಾ..."

"ಹೇಳಿ ಅಜ್ಜಿ."

"ನೀವೂ ಒಂದೀಟು ಉಣ್ರಿ. ಇಬ್ಬರೂ ತಟ್ಟಿ ಬಿಟ್ಟು ಎದ್ದಿರಬೇಕು ನೀವು."

ಆ ಕಡೆ ಅಂಬಾ ಅಳುತ್ತಲೇ ನಕ್ಕಳು. ಹಿಂದೆ ಪ್ರಣವ ಏನೋ ಹೇಳುತ್ತಿದ್ದ, ಅದರ ಮೇಲೆ ಮಗುವಿನ ಜೋರು ಕೂಗು. ಭೀಮವ್ವ ಫೋನು ಇಟ್ಟು, ಮೊಮ್ಮಗಳ ತಟ್ಟೆಗೆ ಅನ್ನ ಬಡಿಸಲು ಎದ್ದಳು.